ಹುಲ್ಲುದಿಬ್ಬದ ಚರಂಡಿ

ಒಂದು ಕಾಡಿನಲ್ಲಿ, ಮರಗಳು ಮುಗಿದು ಹುಲ್ಲು ಶುರುವಾಗುವ ಕಡೆ, ಮಂಜು ಯಾವಾಗಲೂ ತಡವಾಗಿ ಏಳುತ್ತಿತ್ತು. ಅಲ್ಲೊಂದು ದಿಬ್ಬ. ಒಳಕಾಡಿನಲ್ಲಿ ಜಾಗ ಸಾಲದೆ ಬಂದ ಪ್ರಾಣಿಗಳು ಅಲ್ಲಿ ಬಿಲ ತೋಡಿಕೊಂಡವು. ಮೊದಲು ಮೂರೇ ಮನೆ. ನೋಡನೋಡುತ್ತ ಮೂವತ್ತಾಯಿತು.

ದಿಬ್ಬದ ಕೆಳಗೆ ಒಂದು ಹೊಂಡ. ಎಲ್ಲರೂ ಕುಡಿಯುತ್ತಿದ್ದದ್ದು ಆ ನೀರನ್ನೇ. ಎಲ್ಲರ ಮನೆಯ ಕೊಳೆ ಇಳಿದು ಸೇರುತ್ತಿದ್ದದ್ದೂ ಅಲ್ಲಿಗೇ. ಒಂದು ಸಲ ಮೊಲವ್ವನ ಮರಿ ಆ ನೀರು ಕುಡಿದು ಮಲಗಿದ್ದು, ಮೂರು ದಿನ ಕಣ್ಣು ಬಿಡಲಿಲ್ಲ. ಹೇಗೋ ಉಳಿಯಿತು. ಆಮೇಲೆ ಯಾರಿಗೂ ಧೈರ್ಯವಾಗಿ ನೀರು ಕುಡಿಯಲು ಆಗಲಿಲ್ಲ.

ಅಲ್ಲಿ ಒಂದು ಮುದಿ ಚಿಪ್ಪುಹಂದಿ ಇತ್ತು. ಎಲ್ಲರೂ ಚಿಪ್ಪಜ್ಜಿ ಅನ್ನುತ್ತಿದ್ದರು. ನೆಲಕ್ಕೆ ಕಿವಿಯಿಟ್ಟರೆ ಅವಳಿಗೆ ನೀರು ಹೋಗುವ ದಾರಿ ಕೇಳಿಸುತ್ತಿತ್ತು. ಒಂದು ದಿನ ಅವಳು ಅರ್ಧ ನಿದ್ದೆಯಲ್ಲೇ ಹೇಳಿದಳು:

"ಎಲ್ಲರೂ ಸೇರಿ ಒಂದು ದೊಡ್ಡ ಚರಂಡಿ ತೋಡೋಣ. ಹೊಂಡದ ಕಡೆಗಲ್ಲ, ಆಚೆ ಜೊಂಡಿನ ಕಡೆಗೆ. ಜೊಂಡು ಕೊಳೆ ಉಂಡು ಬೆಳೀತದೆ. ನಾಳೆ ಬರೋರಿಗೂ ಸಾಲೋ ಹಾಗೆ ಅಗಲ ಇರಲಿ. ಮನೆಯಿಂದ ಅಲ್ಲಿಗೆ ಬರೋ ಸಣ್ಣ ಚರಂಡಿ ಮಾತ್ರ ಅವರವರೇ ತೋಡಲಿ. ಮನೇಲಿ ಎಷ್ಟು ಬಾಲವೋ ಅಷ್ಟು ಪಂಜದ ಅಗಲ."

ಮಾರನೆಯ ದಿನ ಅವಳು ಬಾಲ ಎಣಿಸುತ್ತ ಬಂದಳು. ತೋಡಲು ಮೈಬಗ್ಗದ ಒಂದು ನರಿ ಮನೆಗೆ ಓಡಿಹೋಗಿ ಹೆಂಡತಿಗೂ ಆರು ಮರಿಗಳಿಗೂ, "ಬಾಲ ಒಳಗೆಳೆದುಕೊಳ್ಳಿ, ಉಸಿರು ಬಿಡಬೇಡಿ" ಅಂತ ಪಿಸುಗುಟ್ಟಿತು.

"ಎಷ್ಟು ಬಾಲ ಇದೆಯಪ್ಪ ನಿನ್ನ ಮನೇಲಿ?"

"ನಾನೊಬ್ಬನೇ ಅಜ್ಜಿ. ಒಂಟಿ ಜೀವ."

"ಒಳಗೆ ಯಾರೋ ಸೀನಿದ ಹಾಗಾಯ್ತು?"

"ಅದು ಗೋಡೆ ಅಜ್ಜಿ. ಶೀತ ಹಿಡಿದಿದೆ."

"ಗೋಡೆಗೆ ಕಷಾಯ ಕುಡಿಸೋ ಮಾರಾಯ" ಅಂತ ಪಕ್ಕದ ಮನೆಯ ಮುಳ್ಳುಹಂದಿ ನಕ್ಕಿತು.

ಚಿಪ್ಪಜ್ಜಿ ನಗಲಿಲ್ಲ. "ನನಗೆ ಹೇಳಿದ್ದಾಯ್ತು. ನೀರಿಗೂ ಹೀಗೇ ಹೇಳಪ್ಪ" ಅಂದಳು.

ಎಲ್ಲರೂ ದಿನಗಟ್ಟಲೆ ಮಣ್ಣು ತೋಡಿದರು. ನರಿ ಒಂದು ಪಂಜದಗಲ ಕೆರೆದು, ಬಿಸಿಲಲ್ಲಿ ಮಲಗಿ, "ದಡ್ಡರು" ಅಂದುಕೊಂಡಿತು.

ಮೊದಲ ಮಳೆ ಮೆಲ್ಲಗೆ ಬಂತು. ದಿಬ್ಬದ ಹೊಟ್ಟೆಯೊಳಗೆ ನೀರು ಜೋಗುಳದ ಹಾಗೆ ಗುನುಗುತ್ತ ಹೋಯಿತು. ಪ್ರಾಣಿಗಳು ಅದನ್ನು ಕೇಳುತ್ತ ತೂಕಡಿಸಿದವು. ನರಿಯ ಮನೆಯಲ್ಲಿ ಮಾತ್ರ ಎಂಟು ಜೀವಗಳ ಕೊಳೆ ಒಂದು ಪಂಜದ ದಾರಿಯಲ್ಲಿ ಹಿಡಿಸದೆ ಹಿಂದಕ್ಕೆ ಬಂತು. ಮರಿಗಳ ಕತ್ತಿನವರೆಗೂ ಬಂತು.

"ಅಯ್ಯೋ, ನನ್ನ ಮಕ್ಕಳು! ಯಾರಾದರೂ ಬನ್ನಿ!" ಅಂತ ನರಿ ಕೂಗಿತು.

ಎಲ್ಲರೂ ಓಡಿಬಂದು ಒಂದೊಂದೇ ಮರಿಯನ್ನು ಹೊರಗೆ ಎಳೆದು ಹಾಕಿದರು. "ನರಿಯಣ್ಣ, ನಿನ್ನ ಗೋಡೆ ಆರು ಮರಿ ಹಾಕಿದೆಯಲ್ಲೋ!" ಅಂದಿತು ಮುಳ್ಳುಹಂದಿ.

ಮೊಲವ್ವ ಮರಿಗಳನ್ನು ತನ್ನ ಬೆಚ್ಚನೆಯ ಬಿಲಕ್ಕೆ ಕರೆದುಕೊಂಡು ಹೋದಳು.

"ಇನ್ನೂ ಏಳು ಪಂಜ ಅಗಲ ಆಗಬೇಕು. ಇಳಿ" ಅಂದಳು ಚಿಪ್ಪಜ್ಜಿ.

ನರಿ ತನ್ನ ಮನೆಯ ಕೊಳೆಯಲ್ಲೇ ಮೂಗಿನವರೆಗೂ ಮುಳುಗಿ, ಮಳೆಯಲ್ಲಿ ಇಡೀ ದಿನ ಒಂಟಿಯಾಗಿ ತೋಡಿತು. ಸಂಜೆಗೆ ಕೊಳೆ ಒಂದೇ ಗುಟುಕಿಗೆ ಇಳಿದುಹೋಯಿತು. ಆಚೆ ಜೊಂಡು ತಲೆದೂಗಿತು. ಹೊಂಡದ ತಿಳಿನೀರಲ್ಲಿ ಮೋಡವೊಂದು ತೇಲುತ್ತಿತ್ತು. ಕುಡಿಯಲು ಬಾಗಿದ ನರಿ, ಮೊದಲು ಅವು ಕುಡಿಯಲಿ ಅಂತ ಮರಿಗಳನ್ನು ಕೂಗಿ ಕರೆಯಿತು.

ನೀತಿ: ಹತ್ತು ಮನೆಯವರು ಕೂಡಿ ಮಾಡುವ ಕೆಲಸದಲ್ಲಿ ತನ್ನ ಪಾಲು ಮರೆಮಾಚಿದವನ ಕೊಳೆ ಅವನ ಮನೆಗೇ ತಿರುಗಿ ಬರುತ್ತದೆ.