ಹತ್ತನೆಯ ಗಂಟು: ಪ್ರಾಯದಮ್ಮನ ವ್ರತದ ಕಥೆ

ದೀಪದ ಕುಡಿ ಚಾಚಿ, ಅಕ್ಷತೆಯನ್ನು ಬಲಗೈಯಲ್ಲಿ ಹಿಡಿದು, ಬೆನ್ನು ನೆಟ್ಟಗಿರುವವರು ನೆಟ್ಟಗೆ ಕುಳಿತು, ಬಾಗಿದವರು ಗೋಡೆಗೆ ಒರಗಿ, ಬಸುರಿಯರು ಕಾಲು ನೀಡಿ, ಕೂಸುಗಳನ್ನು ಮಡಿಲಿಗೆ ಹಾಕಿಕೊಂಡು ಪ್ರಾಯದಮ್ಮನ ಕಥೆಯನ್ನು ಕೇಳಿರಿ. ಒಡಲೊಳಗೆ ಎಳ್ಳಿನಷ್ಟಿದ್ದ ಜೀವವನ್ನು ಹಿಡಿದು ಆಳೆತ್ತರ ಮಾಡುವವಳು ಅವಳು. ಆಳೆತ್ತರದವರನ್ನು ಮತ್ತೆ ಬಾಗಿಸಿ ಕೈಗೆ ಕೋಲು ಕೊಡುವವಳೂ ಅವಳೇ. ಮೊದಲನೆಯದಕ್ಕೆ ಎಲ್ಲರೂ ಕೈಮುಗಿಯುತ್ತಾರೆ. ಎರಡನೆಯದಕ್ಕೆ ಕೈಮುಗಿಯಲು ಒಲ್ಲೆನೆಂದ ರಾಣಿಯ ಕಥೆ ಇದು.

ಸಿರಿವೊಳಲೆಂಬ ಪಟ್ಟಣದಲ್ಲಿ ಕೀರ್ತಿಧರನೆಂಬ ಅರಸನು ರಾಜ್ಯವಾಳುತ್ತಿರಲು, ಅವನಿಗೆ ಲಾವಣ್ಯವತಿಯೆಂಬ ರಾಣಿಯಿದ್ದಳು. ಹೆಸರಿಗೆ ತಕ್ಕ ರೂಪ, ರೂಪಕ್ಕೆ ತಕ್ಕ ಗರ್ವ. ಮುಪ್ಪೆಂದರೆ ಅವಳಿಗೆ ಹಾವು ಕಂಡಷ್ಟು ಹೆದರಿಕೆ. ಆದುದರಿಂದ ಅವಳ ಅಂತಃಪುರದಲ್ಲಿ ನಲವತ್ತು ದಾಟಿದವರಿಗೆ ಕೆಲಸವಿರಲಿಲ್ಲ. ತಲೆಯಲ್ಲಿ ಒಂದೇ ಒಂದು ಬಿಳಿಕೂದಲು ಕಂಡ ದಾಸಿಯೂ ರಾಣಿಯ ಕನ್ನಡಿಯೆದುರು ಹಾಯಕೂಡದೆಂದು ಕಟ್ಟಳೆಯಿತ್ತು. ಅರಸನು ಮಾತ್ರ ಗಡ್ಡ ನರೆತರೂ ಒಳಗೆ ಬರಬಹುದಾಗಿತ್ತು. ಅರಸರಿಗೆ ಎಲ್ಲ ಕಟ್ಟಳೆಯಲ್ಲೂ ಒಂದು ಕಿಂಡಿಯಿರುತ್ತದೆ.

ಹೀಗಿರಲು ಬಹುಕಾಲದ ಮೇಲೆ ರಾಣಿಯು ಬಸುರಾಗಿ, ಐದನೆಯ ತಿಂಗಳು ತುಂಬಲು, ಪ್ರಾಯದಮ್ಮನ ದಾರ ಕಟ್ಟುವ ಶುಕ್ರವಾರ ಬಂದಿತು. ಅದರ ಕ್ರಮವೇನೆಂದರೆ, ಬಸುರಿಯು ತಾನೇ ನೂತ ಹತ್ತಿಯ ನೂಲನ್ನು ಅರಿಸಿನದಲ್ಲಿ ಅದ್ದಿ, ಅದಕ್ಕೆ ಹತ್ತು ಗಂಟು ಹಾಕಿಸತಕ್ಕದ್ದು. ಗರ್ಭಕ್ಕೊಂದು, ಹೆರಿಗೆಗೊಂದು, ಹಲ್ಲಿಗೊಂದು, ಹೆಜ್ಜೆಗೊಂದು, ಮಾತಿಗೊಂದು, ಅಕ್ಷರಕ್ಕೊಂದು, ಪ್ರಾಯಕ್ಕೊಂದು, ಮಕ್ಕಳುಮರಿಗೊಂದು, ನರೆಗೊಂದು, ಮುಪ್ಪಿಗೊಂದು. ಒಂಬತ್ತನ್ನು ಮುತ್ತೈದೆಯರು ಹಾಕಬೇಕು. ಹತ್ತನೆಯದಕ್ಕೆ ಮಾತ್ರ ಊರಿಗೆಲ್ಲ ಹಿರಿಯಳಾದ ಹಣ್ಣುಮುದುಕಿಯನ್ನು, ಗಂಡನಿರಲಿ ಇಲ್ಲದಿರಲಿ, ಯಾವ ಜಾತಿಯವಳಾಗಲಿ, ಕರೆದು ಮಣೆಯ ಮೇಲೆ ಕೂರಿಸಿ, ಹಲ್ಲಿಲ್ಲದ ಬಾಯಿಗೆ ಮೆತ್ತನೆಯ ಹುಗ್ಗಿ ಉಣಿಸಿ, ಅವಳ ಕೈಯಿಂದಲೇ ಹಾಕಿಸಬೇಕು. ಗಂಟು ಬಿಗಿಯುವಾಗ ಅವಳು ಕೂಸಿಗೆ ಮುಪ್ಪನ್ನು ಬಾಯಿಬಿಟ್ಟು ಹರಸಬೇಕು.

ಅರಮನೆಗೆ ಮೂರು ತಲೆಮಾರಿನಿಂದ ಹೂ ಕಟ್ಟುತ್ತಿದ್ದ ತಿಪ್ಪಜ್ಜಿಯೇ ಆಗ ಪಟ್ಟಣಕ್ಕೆಲ್ಲ ಹಿರಿಯಳು. ಅವಳು ಕೋಲೂರುತ್ತ ಬಂದು, ಹುಗ್ಗಿಯನ್ನು ಚಪ್ಪರಿಸಿ ಉಂಡು, "ಬೆಲ್ಲ ಒಂದು ಅಚ್ಚು ಕಡಿಮೆಯಾಯಿತು, ಅರಮನೆಯವರು ಕೈಹಿಡಿತದವರು" ಎಂದು ನಗಾಡಿ, ದಾರದ ತುದಿಯನ್ನು ಹಿಡಿದುಕೊಂಡು, "ಈ ಕೂಸಿನ ಹಲ್ಲು ಉದುರಲಿ, ಬೆನ್ನು ಬಾಗಲಿ" ಎಂದು ತೊಡಗಲು, ರಾಣಿಯು ಧಿಗ್ಗನೆದ್ದು ದಾರವನ್ನು ಕಿತ್ತುಕೊಂಡಳು.

"ಹುಟ್ಟದ ಕೂಸಿಗೆ ಶಾಪ ಹಾಕುತ್ತೀಯಾ, ಮುದುಕಿ?"

"ಶಾಪವಲ್ಲ, ನನ್ನ ತಾಯಿ. ದಂಡೆಗೆ ಕಡೆಯ ಗಂಟು ಹಾಕದೆ ಬಿಟ್ಟರೆ ಮೊದಲ ಹೂವೂ ನಿಲ್ಲುವುದಿಲ್ಲ."

"ನನ್ನ ಕೂಸಿಗೆ ಒಂಬತ್ತು ಸಾಕು" ಎಂದು ರಾಣಿಯು ತಿಪ್ಪಜ್ಜಿಯನ್ನು ಹೊಳೆಯಾಚೆಯ ಹೂದೋಟಕ್ಕೆ ಅಟ್ಟಿಸಿ, ಗಂಟಿಲ್ಲದ ತುದಿಯ ದಾರವನ್ನು ಬೆಳ್ಳಿಯ ಭರಣಿಯಲ್ಲಿಟ್ಟು ದೇವರ ಮನೆಯಲ್ಲಿ ಇರಿಸಿದಳು. ಒಂಬತ್ತೂ ಶುಭಸಂಖ್ಯೆಯೇ ಎಂದು ಜೋಯಿಸರು ಶ್ಲೋಕ ಹುಡುಕಿಕೊಟ್ಟು ದಕ್ಷಿಣೆ ತೆಗೆದುಕೊಂಡು ಹೋದರು.

ನವಮಾಸ ತುಂಬಿ ಹೆಣ್ಣುಮಗು ಹುಟ್ಟಿತು. ಮೃಣಾಲಿನಿ ಎಂದು ಹೆಸರಿಟ್ಟರು. ಮಗುವು ಕಾಲಕ್ಕೆ ಸರಿಯಾಗಿ ಮಗುಚಿ, ಅಂಬೆಗಾಲಿಟ್ಟು, ತೊದಲಿ, ಎಡವಿ, ಏಳನೆಯ ವರ್ಷಕ್ಕೆ ಓಲೆಗರಿ ಓದತೊಡಗಿತು. ವರ್ಷಕ್ಕೊಮ್ಮೆ ಅದನ್ನು ಕಂಬಕ್ಕೆ ಆನಿಸಿ ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಕಾಡಿಗೆಯಿಂದ ಗೀಟು ಹಾಕುತ್ತಿದ್ದರು. ಎಂಟು ಗೀಟು ಏರಿದವು. ರಾಣಿಯು ಪ್ರಾಯದಮ್ಮನನ್ನು ಮರೆತೇಬಿಟ್ಟಳು.

ಎಂಟು ತುಂಬಿದ ಮೇಲೆ ಒಂದು ದಿನ ದೇವರ ಮನೆ ಗುಡಿಸುವ ದಾಸಿ ಚೆನ್ನಿಯು ಬಂದು, "ತಾಯಿ, ಭರಣಿಯ ದಾರ ತುದಿಯಿಂದ ಎಳೆ ಬಿಟ್ಟುಕೊಂಡಿದೆ, ಮೂರು ಗಂಟು ಕಾಣೆ" ಎಂದಳು. ರಾಣಿಯು ಕನ್ನಡಿಯಿಂದ ಕಣ್ಣು ತೆಗೆಯದೆ, "ಗಂಟು ಬಿಚ್ಚಿದರೆ ದಾರ ಉದ್ದವಾಗುತ್ತದೆ, ಒಳ್ಳೆಯದೇ ಅಲ್ಲವೇ" ಎಂದಳು. ಆ ಮೂರು ಗಂಟು ನರೆಯದು, ಮಕ್ಕಳುಮರಿಯದು, ಪ್ರಾಯದ್ದು. ಇನ್ನೂ ಬಾರದ ಕಾಲ ಕಳೆದುಹೋದರೆ ಯಾರ ಕಣ್ಣಿಗೆ ಬೀಳುತ್ತದೆ?

ಮುಂದಿನ ಶುಕ್ರವಾರ ಆರನೆಯ ಗಂಟು ಬಿಚ್ಚಿತು. ಅಂದು ಮೃಣಾಲಿನಿಯು ಓಲೆಗರಿಯನ್ನು ತಲೆಕೆಳಗಾಗಿ ಹಿಡಿದು ಕುಳಿತಿದ್ದಳು. ಗುರುಗಳು ಬೈದರು. ಅವಳು ಅಕ್ಷರಗಳ ಮೇಲೆ ಬೆರಳಾಡಿಸಿ, "ಇವು ಇರುವೆಗಳೇ?" ಎಂದು ಕೇಳಿದಳು. ರಾಣಿಯು ಓಡಿಬಂದು ಅವಳನ್ನು ಕಂಬಕ್ಕೆ ಆನಿಸಿ ನಿಲ್ಲಿಸಲು, ನೆತ್ತಿಯು ಎಂಟನೆಯ ಗೀಟಿಗೆ ಮುಟ್ಟಲಿಲ್ಲ, ಏಳಕ್ಕೂ ಮುಟ್ಟಲಿಲ್ಲ. ಕೈಬಳೆಗಳು ಕಳಚಿ ನೆಲಕ್ಕೆ ಬಿದ್ದವು. ಬಾಯಿ ತೆರೆಸಿ ನೋಡಲು, ಎರಡು ವರ್ಷದ ಕೆಳಗೆ ಸಗಣಿಯಲ್ಲಿ ಸುತ್ತಿ ಮಾಡಿನ ಮೇಲಕ್ಕೆ ಎಸೆದಿದ್ದ ಹಾಲುಹಲ್ಲು, ಮೂಲೆ ಮುರಿದದ್ದು ಮುರಿದಂತೆಯೇ, ಮತ್ತೆ ಒಸಡಿನಲ್ಲಿ ನಿಂತಿತ್ತು.

ಆಗ ರಾಣಿಯು ದೇವರ ಮನೆಗೆ ಓಡಿ ಭರಣಿ ತೆರೆದು ನೋಡಲು, ಐದೇ ಗಂಟು ಉಳಿದಿದ್ದವು. ಮುತ್ತೈದೆಯರನ್ನು ಕರೆಸಿ ಬಿಚ್ಚಿದ್ದನ್ನು ಮತ್ತೆ ಹಾಕಿಸಿದಳು. ಅವರು ಹೊಸ್ತಿಲು ದಾಟುವ ಮುಂಚೆ ಬಿಚ್ಚಿತು. ತುದಿಗೆ ತಾನೇ ಗಂಟು ಹಾಕಿ ಅರಗು ಕಾಯಿಸಿ ಮುದ್ರೆಯೊತ್ತಿದಳು. ಅರಗು ಉಳಿಯಿತು, ಗಂಟು ಉಳಿಯಲಿಲ್ಲ. ವೈದ್ಯರು ಬಂದು ಅಜೀರ್ಣವೆಂದರು. ತಿಪ್ಪಜ್ಜಿಯನ್ನು ಕರೆಸುವ ಮಾತನ್ನು ಚೆನ್ನಿಯು ಎತ್ತಲು ಹೋಗಿ, ರಾಣಿಯ ಮುಖ ನೋಡಿ ಬಿಟ್ಟುಬಿಟ್ಟಳು.

ಮರು ಶುಕ್ರವಾರ ಮಾತಿನ ಸರದಿ. ಬೆಳಗಿನಿಂದ ಮಗುವಿನ ಮಾತು ಒಂದೊಂದೇ ಉದುರುತ್ತ ಬಂದು, ಮಧ್ಯಾಹ್ನಕ್ಕೆ ತಾಯಿಯ ಸೆರಗನ್ನು ಎರಡು ಕೈಯಲ್ಲೂ ಹಿಡಿದು, "ಅವ್ವಾ, ನನ್ನನ್ನು ಯಾರೋ ಹಿಂದಕ್ಕೆ ಎಳೆಯುತ್ತಿದ್ದಾರೆ" ಎಂದಿತು. ಆಮೇಲೆ ಅದರ ಬಾಯಿಂದ ಬಂದದ್ದೆಲ್ಲ ಬರಿಯ ತೊದಲು.

ರಾಣಿಯ ಗರ್ವ ಅಲ್ಲಿಗೆ ಮುರಿಯಿತು. ಅರಸನು ಬೇರೆ ಊರಿನ ವೈದ್ಯರಿಗೆ ಓಲೆ ಬರೆಸುತ್ತಿರಲು, ಅವಳು ದಾರವನ್ನು ಮುಷ್ಟಿಯಲ್ಲಿ ಹಿಡಿದು, ಮಗುವನ್ನು ಮಡಿಲಲ್ಲಿ ಹಾಕಿಕೊಂಡು, ಪಲ್ಲಕ್ಕಿ ಏರಿ ಹೊಳೆಯ ದಾರಿ ಹಿಡಿದಳು. ಅದುವರೆಗೆ ವಾರಕ್ಕೊಂದು ಬಿಚ್ಚುತ್ತಿದ್ದ ಗಂಟು ಈಗ ಹರಿದಾರಿಗೊಂದು ಬಿಚ್ಚತೊಡಗಿತು. ಕೋಟೆಬಾಗಿಲು ದಾಟುವಾಗ ಮಗುವಿನ ಕಾಲುಗಳು ಸೋತು ಮಡಿಚಿಕೊಂಡವು. ಹೊಳೆಯ ದಂಡೆ ಮುಟ್ಟುವಾಗ ಹಲ್ಲುಗಳು ಒಂದೊಂದಾಗಿ ಒಸಡಿನೊಳಕ್ಕೆ ಇಳಿದುಹೋದವು.

"ತಾಯಿ, ಪಲ್ಲಕ್ಕಿ ಹಗುರಾಗುತ್ತಿದೆ" ಎಂದನು ಮುಂದಿನ ಬೋಯಿ.

ಹರಿಗೋಲಿನಲ್ಲಿ ಹೊಳೆ ದಾಟುವಾಗ ರಾಣಿಯ ಎದೆ ತೊಯ್ದಿತು. ಎಂಟು ವರ್ಷದ ಹಿಂದೆ ಬತ್ತಿದ ಹಾಲು ಮರಳಿ ಬಂದಿತ್ತು. ಮಡಿಲ ಕೂಸಿನ ಹೊಕ್ಕುಳು ಹಸಿಯಾಗಿತ್ತು. ದಾರದಲ್ಲಿ ಎರಡೇ ಗಂಟು, ಹೆರಿಗೆಯದು ಸಡಿಲುತ್ತಿತ್ತು. ಅದು ಬಿಚ್ಚಿದರೆ ಕೂಸು ಹೋಗುವುದಾದರೂ ಎಲ್ಲಿಗೆ? ರಾಣಿಯು ಕೂಸನ್ನು ಸೆರಗಿನಲ್ಲಿ ಎದೆಗೆ ಕಟ್ಟಿಕೊಂಡು, ಒಂದು ಕೈಯನ್ನು ತನ್ನ ಹೊಟ್ಟೆಯ ಮೇಲಿಟ್ಟು, ಇನ್ನೊಂದರಿಂದ ಗಂಟನ್ನು ಒತ್ತಿಹಿಡಿದು, ಹರಿಗೋಲು ದಡ ಮುಟ್ಟುವ ಮೊದಲೇ ನೀರಿಗೆ ಇಳಿದು ಓಡಿದಳು.

ತಿಪ್ಪಜ್ಜಿಯು ಸೇವಂತಿಗೆಯ ರಾಶಿಯ ನಡುವೆ ಕುಳಿತು, ಕಣ್ಣು ಕಾಣದೆ, ಬೆರಳ ಅಂದಾಜಿನಲ್ಲಿ ಹೂ ಕಟ್ಟುತ್ತಿದ್ದಳು. "ಯಾರವ್ವ?" ಎಂದಳು.

"ನಾನು, ರಾಣಿ."

"ರಾಣಿಯಾದರೆ ದಂಡೆಯ ಬುಟ್ಟಿ ಆ ಕಡೆಗಿದೆ, ಬೇಕಾದ್ದು ತೆಗೆದುಕೋ. ತಾಯಿಯಾದರೆ ಕೂಸನ್ನು ಈ ಕಡೆ ಕೊಡು."

ರಾಣಿಯು ಹುಲ್ಲಿನ ಮೇಲೆ ಕುಸಿದು ಕೂಸನ್ನು ಮುದುಕಿಯ ಮಡಿಲಿಗೆ ಹಾಕಿ ದಾರವನ್ನು ನೀಡಿದಳು. ತಿಪ್ಪಜ್ಜಿಯು ದಾರವನ್ನು ತಡವಿ, "ಗಂಟು ನಾನು ಹಾಕುತ್ತೇನೆ. ಹರಕೆಯನ್ನು ಬೇಡವೆಂದವಳು ನೀನು, ನೀನೇ ಹೇಳು" ಎಂದಳು.

"ನೂರು ವರ್ಷ ಬಾಳು, ನನ್ನ ಕಂದ" ಎಂದಳು ರಾಣಿ. ಗಂಟು ಕೂಡಲಿಲ್ಲ.

"ಹಾಗೆ ಎಲ್ಲರೂ ಹೇಳುತ್ತಾರೆ. ನೂರು ವರ್ಷವೆಂದರೆ ಏನೇನು, ಬಿಡಿಸಿ ಹೇಳು. ನಮ್ಮವ್ವ ಐದು ಕೂಸುಗಳನ್ನು ಮಣ್ಣು ಮಾಡಿ, ಆರನೆಯವಳಾದ ನಾನಾದರೂ ಉಳಿಯಲೆಂದು ನನ್ನನ್ನು ತಿಪ್ಪೆಯಲ್ಲಿ ಹೊರಳಿಸಿ ಈ ಹೆಸರಿಟ್ಟಳು. ಮುಟ್ಟಿನೋಡು ಈ ಬೆನ್ನನ್ನು. ನೀನು ಅಸಹ್ಯಪಟ್ಟೆಯಲ್ಲ, ಅವಳು ದೇವರಲ್ಲಿ ಕೇಳಿಕೊಂಡದ್ದು ಇದನ್ನೇ."

ಕೂಸಿನ ರೆಪ್ಪೆಗಳು ಅಂಟಿಕೊಂಡವು. ಉಸಿರು ಹೂವಿನೆಸಳು ಅಲುಗುವಷ್ಟೂ ಇರಲಿಲ್ಲ. ರಾಣಿಯು ಮುದುಕಿಯ ಗೂನುಬೆನ್ನಿನ ಮೇಲೆ ಕೈಯಿಟ್ಟು ಹೇಳತೊಡಗಿದಳು.

"ನಿನ್ನ ಕೂದಲು ನರೆಯಲಿ. ನಿನ್ನ ಹಲ್ಲು ಒಂದೊಂದಾಗಿ ಉದುರಲಿ. ಕಣ್ಣು ಮಬ್ಬಾಗಲಿ, ಚರ್ಮ ಸುಕ್ಕಾಗಲಿ, ಬೆನ್ನು ಬಾಗಲಿ. ಕೈ ನಡುಗಲಿ, ತುತ್ತು ಚೆಲ್ಲಲಿ, ಮೊಮ್ಮಕ್ಕಳು ಒರೆಸಲಿ." ಇಷ್ಟಕ್ಕೂ ಗಂಟು ಕೂಡದಿರಲು, ಅವಳು ಕಡೆಗೆ, "ಅದನ್ನೆಲ್ಲ ನೋಡಲು ನಾನು ಇರದಂತಾಗಲಿ" ಎಂದಳು.

ತಿಪ್ಪಜ್ಜಿಯು ಗಂಟನ್ನು ಬಿಗಿದಳು. ಕೂಸು ಅತ್ತಿತು.

ಬಿಚ್ಚಿದ ಗಂಟುಗಳೆಲ್ಲ ಆ ಕ್ಷಣವೇ ಕೂಡಿಕೊಂಡವೇ ಎಂದರೆ, ಇಲ್ಲ. ಪ್ರಾಯದಮ್ಮನು ಕೂಸನ್ನು ಉಳಿಸಿಕೊಟ್ಟಳು, ಕಳೆದ ವರ್ಷಗಳನ್ನು ಕೊಡಲಿಲ್ಲ. ರಾಣಿಯು ಎಂಟು ವರ್ಷವನ್ನೂ ಎರಡನೆಯ ಸಲ ಸಾಕಿದಳು: ಹಲ್ಲು ಬರುವ ಜ್ವರ, ಹೊಸ್ತಿಲಲ್ಲಿ ಎಡವಿದ ಗಾಯ, ಮೈಮೇಲೆ ಸಿಡುಬಿನ ಅಮ್ಮ ಎದ್ದ ಇಪ್ಪತ್ತೊಂದು ದಿನ, ಅಕ್ಷರ ಒಲ್ಲೆನೆಂಬ ಹಟ, ಒಂದನ್ನೂ ಬಿಡದೆ. ಮೊದಲ ಸಲ ದಾದಿಯರ ಕೈಯಲ್ಲಿ ಆದದ್ದು ಈ ಸಲ ತಾಯಿಯ ಕೈಯಲ್ಲಿ ಆಯಿತು. ತಿಪ್ಪಜ್ಜಿಯನ್ನು ಅರಮನೆಗೆ ಕರೆದರೆ, "ನಾನೇಕೆ ಬರಲಿ, ವರ್ಷಕ್ಕೊಮ್ಮೆ ಹುಗ್ಗಿ ಕಳಿಸು, ಬೆಲ್ಲ ನೋಡಿ ಹಾಕಿಸು" ಎಂದಳು. ರಾಣಿಯು ಹಾಗೆಯೇ ಕಳಿಸಿ, ಕನ್ನಡಿಯ ಕಟ್ಟಳೆಯನ್ನು ತೆಗೆದುಹಾಕಿ, ಮುದುಕಿಯರನ್ನು ಮಣೆಯ ಮೇಲೆ ಕೂರಿಸಿ ವ್ರತವನ್ನು ತಪ್ಪದೆ ನಡೆಸಿದಳು.

ಮೃಣಾಲಿನಿಯು ಬೆಳೆದು, ಪ್ರಾಯ ತುಂಬಿ, ಮದುವೆಯಾಗಿ, ಮಕ್ಕಳನ್ನು ಪಡೆದಳು. ಒಂದು ದಿನ ರಾಣಿಯು ತನ್ನ ಮಬ್ಬುಗಣ್ಣುಗಳಿಂದ ಮಗಳ ಬೈತಲೆಯಲ್ಲಿ ತಡಕಾಡಿ, ಮೊದಲ ಬಿಳಿಕೂದಲನ್ನು ಕಂಡು, ಅದನ್ನು ಕೀಳಬೇಡವೆಂದು ಹೇಳಿ, ನಗುತ್ತ ಕಣ್ಣು ಮುಚ್ಚಿದಳು. ಉಳಿದದ್ದನ್ನು ನೋಡಲು ಅವಳು ಇರಲಿಲ್ಲ, ತಾನು ಕೇಳಿಕೊಂಡಂತೆಯೇ. ಮೃಣಾಲಿನಿಯು ಮೊಮ್ಮಗಳ ಬಸುರಿನ ಐದನೆಯ ತಿಂಗಳಿಗೆ ಕೋಲೂರುತ್ತ ಬಂದು, ಬೊಚ್ಚುಬಾಯಲ್ಲಿ ಹುಗ್ಗಿ ಉಂಡು, ಹತ್ತನೆಯ ಗಂಟನ್ನು ತನ್ನ ಕೈಯಿಂದಲೇ ಬಿಗಿದಳು.

ಈ ಕಥೆಯನ್ನು ಹೇಳಿದವರ ಮನೆಯ ಕೂಸುಗಳು ಕಂಬದ ಗೀಟು ದಾಟಿ ಬೆಳೆಯಲಿ. ಕೇಳಿದವರ ದಾರ ತುದಿಯವರೆಗೆ ನಿಲ್ಲಲಿ. ನಡುವೆ ತೂಕಡಿಸಿದವರಿಗೂ ಅರ್ಧ ಫಲ ಉಂಟು. ಅರ್ಧ ಆಯಸ್ಸು ಸಾಕೆಂದಿದ್ದರೆ ತೂಕಡಿಸಬಹುದು, ಬೇಡವೆಂದಿದ್ದರೆ ಇನ್ನೊಮ್ಮೆ ಕೇಳತಕ್ಕದ್ದು. ಈಗ ಅಕ್ಷತೆಯನ್ನು ಎಳೆಯರ ನೆತ್ತಿಗೆ ಹಾಕಿ, ಅಂಜದೆ, ಬಿಡಿಸಿ ಹೇಳಿರಿ: ನಿಮ್ಮ ಕೂದಲು ನರೆಯಲಿ, ನಿಮ್ಮ ಹಲ್ಲು ಉದುರಲಿ, ನಿಮ್ಮ ಬೆನ್ನು ಬಾಗಲಿ, ಅದನ್ನು ನೋಡಲು ನಾವು ಇರದಂತಾಗಲಿ.