ಬೇಲಿ ದಾಟಿದ್ದು ಯಾರದು?

ಹೂಂಗುಟ್ಟೋರು ಹತ್ತಿರ ಬನ್ನಿ, ನಿದ್ದೆ ಬಂದೋರು ಹಿಂದಕ್ಕೆ ಸರಿಯಿರಿ. ಒಂದೂರಲ್ಲಿ ಕೆಂಚಮ್ಮ ಅಂತ ಒಬ್ಬಳಿದ್ದಳು. ಗಂಡ ತೀರಿಹೋಗಿದ್ದ. ಇದ್ದವನು ಒಬ್ಬನೇ ಮಗ, ಜವರ. ಆಳೆತ್ತರ ಬೆಳೆದಿದ್ದ, ಮೀಸೆಯೂ ಬಂದಿತ್ತು, ಬುದ್ಧಿ ಮಾತ್ರ ಬರೋ ದಾರಿ ಮರೆತಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು. "ನಿನ್ನನ್ನ ಇಟ್ಕೊಂಡು ಹೆಂಗಪ್ಪಾ ಬಾಳ್ಲಿ!" ಅಂತ ತಾಯಿ ದಿನಾ ಹಣೆ ಚಚ್ಚಿಕೊಳ್ಳೋಳು.

ಆದರೆ ಅವಳ ಹೊಟ್ಟೆ ಉರೀತಿದ್ದದ್ದು ಮಗನ ಪೆದ್ದತನಕ್ಕಲ್ಲ, ಪಕ್ಕದ ಹಿತ್ತಲಿಗೆ. ಅದು ಓರಗಿತ್ತಿ ದ್ಯಾವಮ್ಮನ ಹಿತ್ತಲು. ಇಬ್ಬರೂ ಒಂದೇ ದಿನ ಕುಂಬಳದ ಬೀಜ ಊರಿದ್ದರು. ಇವಳ ಕಡೆ ಬರೀ ಎಲೆ, ಬರೀ ಹೂವು. ಅವಳ ಕಡೆ ತಿಪ್ಪೆ ಮೇಲೆ ಕಾಯಿ, ಚಪ್ಪರದ ಮೇಲೆ ಕಾಯಿ, ಕಾಲಿಟ್ಟಲ್ಲಿ ಕಾಯಿ! ಪಿತೃಪಕ್ಷ ಬೇರೆ ಹತ್ತಿರ ಬಂತು. ಕೆಂಚಮ್ಮನ ಗಂಡನಿಗೆ ಕುಂಬಳಕಾಯಿ ಪಲ್ಯ ಅಂದರೆ ಪ್ರಾಣ. ಅವನ ಎಡೆಗೆ ಅದಿಲ್ಲದೆ ಹೇಗೆ? ದ್ಯಾವಮ್ಮನ್ನ ಕೇಳೋದಾ? ಸತ್ತರೂ ಇಲ್ಲ!

ಮನೆ ಪಾಲಾದಾಗ ಊರ ಹಿರೀಕರು ನಡುವೆ ಬೇಲಿ ಹಾಕಿಸಿ ಒಂದು ಕಟ್ಟುಪಾಡು ಮಾಡಿದ್ದರು. ಬಳ್ಳಿ ಯಾರದೇ ಇರಲಿ, ಬೇಲಿ ದಾಟಿದ ಕಾಯಿ ಯಾವ ಕಡೆಗೆ ಬಂತೋ ಆ ಕಡೆಯವರದು. ಒಂದು ದಿನ ದ್ಯಾವಮ್ಮನ ಬಳ್ಳಿಯ ಕುಡಿ, ಎಳೇ ಕಾಯಿ ಸಮೇತ, ಬೇಲಿಯಿಂದ ಈಚೆ ತಲೆ ಹಾಕಿತು. ಕೆಂಚಮ್ಮನಿಗೆ ಸ್ವರ್ಗ ಮೂರೇ ಗೇಣು!

"ಲೋ ಜವರ, ಬಟ್ಟೆ ಒಗೆದು ಬತ್ತೀನಿ. ಅಲ್ಲೀಗಂಟ ಆ ಕಾಯಿಂದ ಕಣ್ಣು ತೆಗೀಬ್ಯಾಡ!"

"ಆಗ್ಲವ್ವ."

ಜವರ ಕೂತ. ನೋಡಿದ. ದ್ಯಾವಮ್ಮ ಬಂದಳು, ಕುಡಿಯನ್ನು ಮೆಲ್ಲಗೆ ತನ್ನ ಕಡೆ ತಿರುಗಿಸಿಕೊಂಡು ಹೋದಳು. ಜವರ ಬೇಲಿ ಸಂದಿಯಲ್ಲಿ ಇಣುಕಿ ಆಗಲೂ ನೋಡಿದ.

"ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಗುಂಡುಕಲ್ಲೇ!" ಅಂದಳು ಬಟ್ಟೆ ಒಗೆದು ಬಂದ ತಾಯಿ.

"ಕಣ್ಣು ತೆಗೀಲಿಲ್ಲ ಕಣವ್ವ!"

"ನೋಡಿದ್ರೆ ಸಾಲ್ದು ಕಣೋ! ಬೇಲಿ ದಾಟಿ ಬಂದದ್ದನ್ನ ಗೂಟಕ್ಕೆ ಕಟ್ಟಾಕ್ಬೇಕು, ಬಿಗಿಯಾಗಿ!"

"ಆಗ್ಲವ್ವ."

ಮಾರನೇ ದಿನ ಬೇಲಿಯ ಕಂಡಿ ದಾಟಿ ಬಂದದ್ದು ಕಾಯಲ್ಲ, ದ್ಯಾವಮ್ಮನ ಅಣ್ಣ ಪುಟ್ಟಮಾದಯ್ಯ. ತಂಗಿ ಮನೆಗೆ ಬಂದಿದ್ದವನು ಹಾಗೇ ಇವರನ್ನೂ ಮಾತಾಡಿಸೋಣ ಅಂತ ಬಂದ. ಜವರ ಹಿಡಿದ, ಎಮ್ಮೆ ಗೂಟಕ್ಕೆ ಬಿಗಿದ, ಮುಂದೆ ಒಂದು ಹೊರೆ ಹುಲ್ಲೂ ಹಾಕಿದ.

"ಬುಡೋ ಅಳಿಯ!"

"ಬುಡಕ್ಕಿಲ್ಲ ಮಾವ. ದಾಟಿ ಬಂದ್ರಲ್ಲ, ಈಗ ನೀವು ನಮ್ಮೋರು!"

ಕೆಂಚಮ್ಮ ಓಡಿಬಂದು ಹಗ್ಗ ಬಿಚ್ಚಿದಳು. ದ್ಯಾವಮ್ಮನ ಕಡೆಯವರ ಮುಂದೆ ತಲೆ ತಗ್ಗಿಸಬೇಕಾಯಿತಲ್ಲ ಅಂತ ಮೈಯೆಲ್ಲ ಉರಿಯಿತು.

"ಬಂದೋರನ್ನ ಕಟ್ಟಾಕ್ತಾರೇನೋ ಮಂಕೇ! 'ಬನ್ನಿ ಬನ್ನಿ' ಅನ್ಬೇಕು, ಕಾಲಿಗೆ ನೀರು ಕೊಡ್ಬೇಕು, ಸಾಕು ಸಾಕು ಅನ್ನೋಗಂಟ ಬಡಿಸ್ಬೇಕು!"

"ಆಗ್ಲವ್ವ."

ಆಮೇಲೊಂದು ದಿನ ಅದೇ ಕಂಡಿಯಲ್ಲಿ ದ್ಯಾವಮ್ಮನ ಆಡುಗಳು ನುಗ್ಗಿದವು. "ಬನ್ನಿ ಬನ್ನಿ!" ಅಂದ ಜವರ. ಒಂದೊಂದರ ಕಾಲಿಗೂ ನೀರು ಹುಯ್ದ. ಅವರೆ, ಹೀರೆ, ಕಾಯಿಲ್ಲದ ಕುಂಬಳದ ಬಳ್ಳಿ, ಎಲ್ಲ ಕಿತ್ತು ಕಿತ್ತು ಬಡಿಸಿದ. "ಇನ್ನೊಂಚೂರು ತಿನ್ನಿ, ನಾಚ್ಕೋಬ್ಯಾಡಿ!" ಆಡು ಎಲ್ಲಾದರೂ ಸಾಕು ಅಂದೀತೆ? ಹಿತ್ತಲು ಬೋಳಾಯಿತು.

ಕೆಂಚಮ್ಮ ಎದೆ ಬಡಿದುಕೊಂಡಳು. "ನನ್ನ ಬಳ್ಳಿ ತಿಂದು ಅವಳ ಆಡು ಕೊಬ್ಬಬೇಕೇನೋ! ಇನ್ಮ್ಯಾಲೆ ಆ ಕಡೆಯಿಂದ ಏನು ಬರೋ ಹಂಗೆ ಕಂಡ್ರೂ ಕಂಡಿಗೆ ಮುಳ್ಳು ಕಟ್ಟು! ಎಷ್ಟು ಅರಚ್ಕೊಂಡ್ರೂ ಒಳಿಕ್ಕೆ ಬುಡಬ್ಯಾಡ! 'ದೊಡ್ಡವ್ವಾ, ನಿಂದು ನೀನೇ ಇಟ್ಕೋ' ಅಂತ ಕೂಗು!"

"ಆಗ್ಲವ್ವ."

ಎಡೆ ಇಡೋ ಹಿಂದಿನ ದಿನ ಕೆಂಚಮ್ಮನಿಗೆ ತಡೆಯಲಾಗಲಿಲ್ಲ. ಒಂದು ಕಾಯನ್ನು ಬಳ್ಳಿ ಸಮೇತ ಈಚೆ ಎಳೆದುಕೊಂಡರೆ ಕಟ್ಟುಪಾಡೂ ಉಳೀತು, ಎಡೆಯೂ ಆಯಿತು ಅಂತ ಕಂಡಿಯಲ್ಲಿ ಆಚೆ ನುಸುಳಿದಳು. ಅಬ್ಬಾ, ಏನು ಕಾಯಿ! ಅವಳ ಕಣ್ಣಲ್ಲಿ ನೀರೇ ಬಂತು, ಹೊಟ್ಟೆಕಿಚ್ಚಿನ ನೀರು. ದೊಡ್ಡದೊಂದನ್ನು ತಬ್ಬಿಕೊಂಡು ತಿರುಗುತ್ತಾಳೆ, ಕಂಡಿಯೇ ಇಲ್ಲ! ಜವರ ಮುಳ್ಳು ಕಟ್ಟಿ ನಿಂತಿದ್ದ.

"ಲೋ, ತೆಗೆಯೋ! ನಾನು ಕಣೋ, ನಿಮ್ಮವ್ವ!"

"ಎಷ್ಟು ಅರಚ್ಕೊಂಡ್ರೂ ಬುಡಬ್ಯಾಡ ಅಂದೋಳು ನಮ್ಮವ್ವನೇ!"

"ಮೆತ್ತಗೆ ಮಾತಾಡೋ, ದಮ್ಮಯ್ಯ!"

ಜವರ ಊರಿಗೆಲ್ಲ ಕೇಳೋ ಹಾಗೆ ಕೂಗಿದ. "ದೊಡ್ಡವ್ವಾ! ನಿಂದು ನೀನೇ ಇಟ್ಕೋ!"

ದ್ಯಾವಮ್ಮ ಸೌಟು ಹಿಡಿದೇ ಹೊರಗೆ ಬಂದಳು. ಓರಗಿತ್ತಿಯನ್ನು ನೋಡಿದಳು, ತಬ್ಬಿದ ಕಾಯಿ ನೋಡಿದಳು. ಬೈಯಲಿಲ್ಲ. ಕಾಯಿ ಕೊಯ್ದು ಅವಳ ಮಡಿಲಿಗೆ ಹಾಕಿದಳು. "ನಮ್ಮ ಮೈದುನನ ಎಡೆಗೇ ತಾನೇ? ಒಂದು ಮಾತು ಕೇಳಬಾರದಿತ್ತೇನೇ?"

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಳ್ಳೇತನವೂ ಇವಳ ಕಡೆಯೇ ಹೇರಳವಾಗಿದೆಯಲ್ಲ ಅಂತ ಕೆಂಚಮ್ಮನ ಹೊಟ್ಟೆ ಇನ್ನಷ್ಟು ಉರಿಯಿತು. ಬೀದಿ ಬಾಗಿಲಲ್ಲಿ ಹೋಗೋಣ ಅಂದರೆ ಜವರನ ಕೂಗಿಗೆ ಊರೇ ಬಂದು ನಿಂತಿತ್ತು. ಕಾಯಿ ಮಡಿಲಲ್ಲಿಟ್ಟುಕೊಂಡು ದ್ಯಾವಮ್ಮನ ಪಕ್ಕದಲ್ಲೇ ಕೂತಳು.

ಹೊತ್ತು ಇಳಿಯಿತು. ಜವರನಿಗೆ ಹಸಿವಾಯಿತು. ಬೇಲಿ ಮೇಲಿಂದ ಇಣುಕಿದ. ಇಬ್ಬರೂ ಅಕ್ಕಪಕ್ಕ ಕೂತಿದ್ದನ್ನು ಕಂಡು ಅವನ ಹೊಟ್ಟೆಗೂ ಕಿಚ್ಚು ಬಿತ್ತು.

"ದೊಡ್ಡವ್ವಾ! ನಿಮ್ಮ ಕಡೆ ಕಾಯೂ ರಾಶಿ, ಆಡೂ ರಾಶಿ. ಈಗ ಅವ್ವಂದಿರೂ ಇಬ್ಬರು! ನಮ್ಮ ಕಡೆ ಒಂದೂ ಇಲ್ಲ! ಒಂದನ್ನಾದ್ರೂ ಈ ಕಡೆ ಹಬ್ಬಿಸು!"

ದ್ಯಾವಮ್ಮ ನಗುತ್ತಾ ಮುಳ್ಳು ಸರಿಸಿದಳು. ಕೆಂಚಮ್ಮ ಕಾಯಿ ಹೊತ್ತು ಒಂದು ಕಾಲು ಈಚೆ ಇಟ್ಟಳೋ ಇಲ್ಲವೋ, ಜವರ ಗಬಕ್ಕನೆ ಹಿಡಿದು ಎಮ್ಮೆ ಗೂಟಕ್ಕೆ ಬಿಗಿದ.

"ಬಿಚ್ಚೋ ಪೆದ್ದಾ!"

"ಬಿಚ್ಚಕ್ಕಿಲ್ಲ ಕಣವ್ವ. ಬಿಚ್ಚಿದ್ರೆ ದೊಡ್ಡವ್ವ ನಿನ್ನನ್ನೂ ಆ ಕಡೆ ತಿರುಗಿಸ್ಕೊಂಡು ಬುಡ್ತಾಳೆ!"

ಅಂದು, ತಾಯಿಯ ಮುಂದೆ ಒಂದು ಹೊರೆ ಹುಲ್ಲು ಹಾಕಿ, ಕಣ್ಣು ತೆಗೆಯದೆ ನೋಡುತ್ತಾ ಕೂತ.