ಅದೇವೂರಿಗೆ ಆ ಹೆಸರು ಬಂದದ್ದು

ಬನ್ನಿ, ಗಾಳಿ ಬೀಸದ ಕಡೆ ಒತ್ತಾಗಿ ಕೂತು ಕಿವಿಗೊಡಿ. ಈ ಬೆಟ್ಟದ ನೆತ್ತಿಯಲ್ಲಿ ನಾಲ್ಕು ದಾರಿಗಳು ಇವತ್ತಿಗೂ ಬಂದು ಕೂಡುತ್ತವೆ. ಸುತ್ತ ಮುರಿದ ಕೋಟೆ, ಒಳಗೆ ಕುರಿ ಮೇಯುವ ಹುಲ್ಲು. ಇದನ್ನು ಅದೇವೂರು ಎನ್ನುತ್ತಾರೆ. ಹಿಂದೆ ಒಮ್ಮೆ ಇದು ದೊಡ್ಡ ಪಟ್ಟಣ. ಕಡಲ ಕಡೆಯ ಉಪ್ಪು, ಬಯಲ ಕಡೆಯ ಜೋಳ, ಎರಡೂ ಎತ್ತಿನ ಬೆನ್ನೇರಿ ಇಲ್ಲಿಗೇ ಬಂದು ಮಾರಾಟವಾಗುತ್ತಿದ್ದವು.

ಕೆಳಬಾಗಿಲ ಪಕ್ಕದಲ್ಲಿ ರೊಟ್ಟಿ ತಟ್ಟಿ ಮಾರುತ್ತಿದ್ದವಳು ಸೋವಕ್ಕ. ಅವಳ ಗಂಡ ಕೇತಯ್ಯ ಉಪ್ಪು ತರಲೆಂದು ಎತ್ತು ಹೊಡೆದುಕೊಂಡು ಘಟ್ಟ ಇಳಿದಿದ್ದಾಗ ಹಳೆಯ ಒಡೆಯ ತೀರಿಕೊಂಡು ಸಿಂಗರಸ ಪಟ್ಟಕ್ಕೆ ಬಂದ. ಬಂದವನೇ ಊರಿನ ಹೆಸರು ತೆಗೆದು ‘ಸಿಂಗರಸಪಟ್ಟಣ’ ಎಂದು ಡಂಗುರ ಹೊಡೆಸಿದ. ಹಳೆಯ ಹೆಸರು ಆಡಿದವರ ನಾಲಿಗೆ ಕುಯ್ಯಬೇಕೆಂದು ಅಪ್ಪಣೆ. ಯಾವೂರಿಗೆ ಎಂದು ಕೇಳದೆ ಬಾಗಿಲಲ್ಲಿ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಸೋವಕ್ಕ ರೊಟ್ಟಿ ತಟ್ಟುತ್ತಲೇ ಘಟ್ಟದ ದಾರಿ ನೋಡುತ್ತ ಕೂತಳು. ಘಟ್ಟದ ಕೆಳಗಿರುವ ಗಂಡನಿಗೆ ಇದೇನೂ ತಿಳಿಯದು. ಬಂದವನೇ ಬಾಯ್ತುಂಬ ಹಳೆಯ ಹೆಸರು ಹೇಳಿಬಿಡುತ್ತಾನೆ. ಹೊಸ ಹೆಸರು ಹೇಳಿಕೊಡೋಣವೆಂದರೆ ಅವಳ ನಾಲಿಗೆಯೇ ಒಲ್ಲೆ ಎನ್ನುತ್ತದೆ.

ಒಂದು ಸಂಜೆ ಎತ್ತಿನ ಗಂಟೆ ಕೇಳಿಸಿತು. ಕಾವಲಿನ ಬೀರ ಈಟಿ ಅಡ್ಡ ಹಿಡಿದು, “ಯಾವೂರಿಗಯ್ಯಾ?” ಎಂದ. ಕೇತಯ್ಯ ಬಾಯಿ ತೆರೆಯುವಷ್ಟರಲ್ಲಿ ಸೋವಕ್ಕ ಒಲೆ ಮುಂದಿನಿಂದಲೇ ಕೂಗಿದಳು: “ಏನಂತ ಕೇಳ್ತೀಯ ತಮ್ಮಾ, ಇವರು ಇನ್ಯಾವೂರಿಗೆ ಬರ್ತಾರೆ? ಅದೇ ಊರಿಗೆ.” ಹೆಂಡತಿಯ ದನಿಯಲ್ಲಿದ್ದ ಗಾಬರಿ ಗಂಡನಿಗೆ ಗೊತ್ತಾಗದೆ ಇರುತ್ತದೆಯೇ?

“ಹೌದಪ್ಪ, ಅದೇ ಊರಿಗೆ,” ಎಂದ.

“ಯಾವುದೋ ಅದೇ?”

“ಬಿಟ್ಟು ಹೋಗಿದ್ದೆನಲ್ಲ, ಅದೇ.”

ಬೀರನಿಗೆ ತಪ್ಪು ಹಿಡಿಯಲು ಏನೂ ಸಿಗಲಿಲ್ಲ. ಹಿಂದಿದ್ದ ಎತ್ತಿನವರೂ ಕಿಸಕ್ಕನೆ ನಕ್ಕು ಅದನ್ನೇ ಹೇಳಿ ಒಳಗೆ ನಡೆದರು. ಸ್ವಲ್ಪ ದಿನಕ್ಕೆ ನಾಲ್ಕೂ ಬಾಗಿಲಲ್ಲಿ ಅದೇ ಮಾತು; ಆಡುತ್ತ ಆಡುತ್ತ ‘ಅದೇ ಊರು’ ಅದೇವೂರಾಯಿತು.

ಸಿಂಗರಸ ಅವಳನ್ನು ಎಳೆತರಿಸಿ, “ಊರಿನ ಹೆಸರು ಹೇಳು” ಎಂದು ಗದರಿದ. ಸೋವಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಕಟ್ಟಿಕೊಂಡ ಗಂಡನ ಹೆಸರನ್ನೇ ಹೇಳದೆ ಇಷ್ಟು ವರ್ಷ ಬಾಳುವೆ ಮಾಡಿದೀನಿ, ಒಡೆಯಾ. ಊರಿನ ಹೆಸರು ಹೇಳದೆ ಬಾಳೋದು ನನಗೇನು ಕಷ್ಟ? ನಿಮ್ಮ ಹೆಸರು ನಿಮಗೇ ಇರಲಿ.” ಹಳೆಯ ಹೆಸರು ಆಡಿದರಲ್ಲವೇ ನಾಲಿಗೆ ಕುಯ್ಯುವುದು? ಅವಳು ಆಡಿರಲೇ ಇಲ್ಲ. ಸಿಟ್ಟಿಗೆ ಅವಳ ಒಲೆ ಒಡೆಸಿ ಕೋಟೆಯಾಚೆ ಅಟ್ಟಿದ. ಅವಳು ಬಾಗಿಲಿನೆದುರಿಗೇ ಮೂರು ಕಲ್ಲು ಹೂಡಿ ಬೆಂಕಿ ಹಚ್ಚಿದಳು. ಎತ್ತಿನವರೆಲ್ಲ ಅಲ್ಲೇ ತಂಗತೊಡಗಿದರು.

ಮಸಿ ಹಿಡಿದ ಆ ಕಲ್ಲುಗಳು ಬಂದವರಿಗೆ ಈಗಲೂ ಕಾಣುತ್ತವೆ. ಬೀರ ಈಟಿ ಬಿಸಾಕಿ ಎತ್ತು ಕಟ್ಟಿಕೊಂಡು ಬದುಕಿದ. ಕೇತಯ್ಯ ಘಟ್ಟ ಹತ್ತಿ ಇಳಿದು ಮೊಣಕಾಲು ಸವೆಸಿಕೊಂಡು, ಹೆಂಡತಿಯ ಒಲೆಗೆ ಸೌದೆ ಒಡೆಯುತ್ತ ಮುದುಕನಾದ. ಸಿಂಗರಸ ಹಾಸಿಗೆ ಹಿಡಿದಾಗ ಅವನ ಆಳು ಘಟ್ಟದ ಕೆಳಗೆ ಮದ್ದು ಕೊಡುವ ಪಂಡಿತನ ಮನೆಗೆ ಓಡಿಹೋಗಿ, “ಅದೇ ಊರಿನಿಂದ ಬಂದೆ” ಎಂದನಂತೆ. ಅದು ಯಾವ ಊರೆಂದು ವಿಚಾರಿಸಿಕೊಂಡು ಪಂಡಿತ ಬರುವಷ್ಟರಲ್ಲಿ ಒಡೆಯನ ಕಣ್ಣು ಮುಚ್ಚಿತ್ತು. ಸೋವಕ್ಕ ಮಾತ್ರ ಬಹುಕಾಲ ಬಾಳಿದಳು. ಹಳೆಯ ಹೆಸರೇನೆಂದು ಮೊಮ್ಮಕ್ಕಳು ಕೇಳಿದಾಗ ಅವಳಿಗೂ ನೆನಪಿರಲಿಲ್ಲ. ಅದಕ್ಕವಳು ಬೇಸರಪಡಲಿಲ್ಲ. ಸಿಂಗರಸ ಇಟ್ಟ ಹೆಸರೂ ಯಾರ ಬಾಯಲ್ಲೂ ಇರಲಿಲ್ಲವಲ್ಲ.